ಮಗುಚಿದ ದೋಣಿ, ತಿರುಗಿದ ಹೆಸರು

ವೇಗದ ದೋಣಿ ಓಡಿಸುವವರಿಗೂ ಮಕ್ಕಳಾಡುವ ಬೊಂಬೆಗೂ ಏನು ನಂಟು? ಇಲ್ಲದೇ ಏನು! ಸಾವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡುವವರಿಗೆ ಶಕುನದ ಮೇಲೆ ನಂಬಿಕೆ ಹೆಚ್ಚು. ನೀರಿನ ಮೇಲೆ ವೇಗದ ದಾಖಲೆಗಳನ್ನು ಮಾಡಿದ ಬ್ರಿಟನ್ನಿನ ಡೊನಾಲ್ಡ್ ಕ್ಯಾಂಪ್‌ಬೆಲ್ ಪುಟ್ಟದೊಂದು ಬಟ್ಟೆಯ ಕರಡಿಯನ್ನು ದೋಣಿಯಲ್ಲೇ ಇಟ್ಟುಕೊಳ್ಳುತ್ತಿದ್ದ. 1967ರಲ್ಲಿ ಕಾನಿಸ್ಟನ್ ಸರೋವರದಲ್ಲಿ ಅವನ ದೋಣಿ ನೀರಿನಿಂದ ಮೇಲೆದ್ದು ಮಗುಚಿ ಛಿದ್ರವಾದಾಗ ಕರಡಿ ತೇಲಿ ಬಂತು. ಕ್ಯಾಂಪ್‌ಬೆಲ್‌ನ ದೇಹ ಸಿಕ್ಕಿದ್ದು 2001ರಲ್ಲಿ.

ಅವನಿಗಿಂತ ನಲವತ್ತು ವರ್ಷ ಮೊದಲು ಇಂಥ ದೋಣಿಗಳನ್ನು ಓಡಿಸಿದ ಹೆಂಗಸೊಬ್ಬಳಿಗೂ ಒಂದು ಬೊಂಬೆಯಿತ್ತು. ಆದರೆ ಆಕೆ ಅದನ್ನು ಎಂದೂ ಪಂದ್ಯದ ದೋಣಿಗೆ ಹತ್ತಿಸಲಿಲ್ಲ. ಎಲ್ಲಿ ಕಳೆದುಹೋದೀತೋ ಎಂಬ ಅಂಜಿಕೆ. ತನ್ನ ಪ್ರಾಣದ ಬಗ್ಗೆ ಮಾತ್ರ ಆಕೆಗೆ ಅಂಥ ಅಂಜಿಕೆ ಇದ್ದಂತೆ ಕಾಣುವುದಿಲ್ಲ.

1900ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆಗೆ ಹಿರಿಯರು ಇಟ್ಟ ಹೆಸರು ಮರಿಯನ್ ಬಾರ್ಬರಾ ಕಾರ್‌ಸ್ಟೇರ್ಸ್. ಪತ್ರಿಕೆಗಳು ಕರೆದದ್ದು ಬೆಟ್ಟಿ ಎಂದು. ಆಕೆ ತಾನಾಗಿ ಇಟ್ಟುಕೊಂಡದ್ದು ಗಂಡು ಹೆಸರು: ಜೋ. ತಾಯಿಯ ಕಡೆಯ ತಾತ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ದೊಡ್ಡ ಪಾಲುದಾರ. ಹಾಗಾಗಿ ಹಣಕ್ಕೆ ಬರವಿರಲಿಲ್ಲ. ಆದರೂ ಮೊದಲ ಮಹಾಯುದ್ಧ ಬಂದಾಗ ಹದಿಹರೆಯದ ಈ ಹುಡುಗಿ ಫ್ರಾನ್ಸಿಗೆ ಹೋಗಿ ಗಾಯಾಳುಗಳ ಆಂಬುಲೆನ್ಸ್ ಓಡಿಸಿದಳು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಜೊತೆಗೆ ಕೆಲಸ ಮಾಡಿದ್ದ ಗೆಳತಿಯರನ್ನು ಕಟ್ಟಿಕೊಂಡು ಲಂಡನ್ನಿನಲ್ಲಿ ಬಾಡಿಗೆ ಕಾರುಗಳ ‘ಎಕ್ಸ್ ಗ್ಯಾರೇಜ್’ ತೆರೆದಳು. ಅಲ್ಲಿ ಕಾರು ಓಡಿಸುವವರೆಲ್ಲ ಹೆಂಗಸರೇ. ಮಕ್ಕಳನ್ನು, ಗಂಡಂದಿರನ್ನು ಕಳೆದುಕೊಂಡವರು ಫ್ರಾನ್ಸ್, ಬೆಲ್ಜಿಯಂಗಳಲ್ಲಿರುವ ಸಮಾಧಿಗಳನ್ನು ನೋಡಲು ಅವರ ಕಾರುಗಳಲ್ಲೇ ಹೋಗಿಬರುತ್ತಿದ್ದರು. ಆ ದಾರಿಗಳಲ್ಲಿ ಹಿಂದಿನ ಸೀಟಿನ ಮೌನವನ್ನು ಎಷ್ಟು ಸಲ ಹೊತ್ತು ತಂದರೋ!

1925ರಲ್ಲಿ ಜೋ ಮೊದಲ ಮೋಟಾರು ದೋಣಿ ಕೊಂಡಳು. ಅದು ಹೈಡ್ರೋಪ್ಲೇನ್ ಜಾತಿಯದು. ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದ ಹುಡುಗರಿಗೆಲ್ಲ ಇದರ ಗುಟ್ಟು ಗೊತ್ತು. ಮಾಮೂಲಿ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಹೈಡ್ರೋಪ್ಲೇನ್ ವೇಗ ಹಿಡಿದಂತೆ ನೀರಿನ ಮೇಲಕ್ಕೆದ್ದು ಜಾರುತ್ತದೆ. ತಳಭಾಗದ ಸ್ವಲ್ಪವಷ್ಟೇ ನೀರಿಗೆ ತಾಗುವುದರಿಂದ ನೀರಿನ ತಡೆ ಕಡಿಮೆ, ವೇಗ ಹೆಚ್ಚು. ಅಪಾಯವೂ ಅಲ್ಲೇ ಇದೆ. ನೀರಿನ ಹಿಡಿತ ತಪ್ಪಿದ ದೋಣಿಗೆ ಒಂದು ಸಣ್ಣ ಅಲೆ ಎದುರಾದರೂ ಸಾಕು, ಬುಡಮೇಲು.

ಆಕೆಗೆ ಆಗ ಗ್ವೆನ್ ಫರಾರ್ ಎಂಬ ರಂಗನಟಿಯ ಮೇಲೆ ಪ್ರೀತಿ. ದೋಣಿಗೂ ‘ಗ್ವೆನ್’ ಎಂದೇ ಹೆಸರಿಟ್ಟಳು. ದೋಣಿ ಒಂದು ದಿನ ಮಗುಚಿತು. ಅದನ್ನು ಎತ್ತಿ ನೆಟ್ಟಗೆ ಮಾಡಿದ ಮೇಲೆ ಜೋ ಹೆಸರನ್ನೂ ತಿರುವಿಹಾಕಿದಳು. ಇಂಗ್ಲಿಷಿನ ಆ ನಾಲ್ಕು ಅಕ್ಷರಗಳನ್ನು ಹಿಂದಿನಿಂದ ಓದಿದರೆ ‘ನ್ಯೂಗ್’. ಬೇರೆಯವರಾಗಿದ್ದರೆ ಅಪಶಕುನವೆಂದು ದೋಣಿಯನ್ನೇ ಮಾರುತ್ತಿದ್ದರೇನೋ. ಈಕೆ 1926ರಲ್ಲಿ ಅದೇ ನ್ಯೂಗ್ ಓಡಿಸಿ ಡ್ಯೂಕ್ ಆಫ್ ಯಾರ್ಕ್ ಟ್ರೋಫಿ ಗೆದ್ದಳು. ನೀರಿನ ಮೇಲೆ ಅತಿ ವೇಗದ ಹೆಂಗಸು ಎಂಬ ಬಿರುದೂ ಬಂತು. ಗೆಲುವಿನ ಜೊತೆಗೆ ಆಕೆಯ ಕತ್ತರಿಸಿದ ಕೂದಲು, ಗಂಡುಡುಗೆ, ತೋಳಿನ ಹಚ್ಚೆಗಳೂ ಪತ್ರಿಕೆಗಳಿಗೆ ಸುದ್ದಿಯಾದವು. ಆಕೆ ಒಂದನ್ನೂ ಮುಚ್ಚಿಡಲಿಲ್ಲ.

ಆದರೆ ಆಕೆಯ ಕಣ್ಣಿದ್ದದ್ದು ಹಾರ್ಮ್ಸ್‌ವರ್ತ್ ಟ್ರೋಫಿಯ ಮೇಲೆ. ದೇಶ ದೇಶಗಳ ನಡುವಿನ ಈ ಮೋಟಾರು ದೋಣಿ ಪಂದ್ಯ ಶುರುವಾದದ್ದು 1903ರಲ್ಲಿ, ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ. ಗೆದ್ದದ್ದು ‘ನೇಪಿಯರ್’ ದೋಣಿ. ವೇಗ ಗಂಟೆಗೆ 19.53 ಮೈಲಿ. ಅದರ ಚುಕ್ಕಾಣಿ ಹಿಡಿದಿದ್ದವಳು ಡೊರೊಥಿ ಲೆವಿಟ್ ಎಂಬ ಇಪ್ಪತ್ತೊಂದರ ತರುಣಿ ಎನ್ನುತ್ತಾರೆ. ಟ್ರೋಫಿಯ ಮೇಲೆ ಕೆತ್ತಿದ್ದು ಮಾತ್ರ ದೋಣಿಯ ಒಡೆಯ ಎಸ್. ಎಫ್. ಎಡ್ಜ್ ಹೆಸರನ್ನು. ಉತ್ತವರು ಒಬ್ಬರು, ಕಣ ಮಾಡಿದವರು ಇನ್ನೊಬ್ಬರು. ಲೆವಿಟ್ 1922ರಲ್ಲಿ, ನಲವತ್ತನೇ ವಯಸ್ಸಿಗೆ, ಲಂಡನ್ನಿನಲ್ಲಿ ತೀರಿಕೊಂಡಾಗ ಆಕೆಯನ್ನು ನೆನೆಯುವವರು ಹೆಚ್ಚಿರಲಿಲ್ಲ.

ಜೋಗೆ ಆ ಪಾಡು ಬರುವಂತಿರಲಿಲ್ಲ. ದೋಣಿಯೂ ಆಕೆಯದೇ, ಚುಕ್ಕಾಣಿಯೂ ಆಕೆಯದೇ. ಐಲ್ ಆಫ್ ವೈಟ್ ದ್ವೀಪದ ಕೌಸ್‌ನಲ್ಲಿ ದೋಣಿ ಕಟ್ಟುವ ಕಾರ್ಖಾನೆಯನ್ನೇ ನಡೆಸಿ ‘ಎಸ್ಟೆಲ್’ ಎಂಬ ಹೆಸರಿನ ಸಾಲು ಸಾಲು ದೋಣಿಗಳನ್ನು ಕಟ್ಟಿಸಿದಳು. ಟ್ರೋಫಿ ಆಗ ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಗಾರ್ ವುಡ್ ಎಂಬ ಗಟ್ಟಿಗನ ಕೈಯಲ್ಲಿತ್ತು. 1920ರಲ್ಲಿ ಗೆದ್ದವನು ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

1928ರಲ್ಲಿ ಜೋ ಡೆಟ್ರಾಯಿಟ್ ನದಿಗೆ ‘ಎಸ್ಟೆಲ್ 2’ ಇಳಿಸಿದಳು. ಪಕ್ಕದಲ್ಲಿ ಮೆಕ್ಯಾನಿಕ್ ಜೋ ಹ್ಯಾರಿಸ್. ಪಂದ್ಯದ ನಡುವೆ, ಪೂರ್ತಿ ವೇಗದಲ್ಲಿದ್ದಾಗ, ದೋಣಿ ಮಗುಚಿತು. ಇಬ್ಬರೂ ನೀರಿಗೆ ಎಸೆಯಲ್ಪಟ್ಟರು. ಪ್ರಾಣ ಉಳಿಯಿತು, ಆಕೆಯ ಪಕ್ಕೆಲುಬುಗಳು ಮುರಿದಿದ್ದವು. ಮರುವರ್ಷ ಮತ್ತೆ ಹೋದಳು, ಸೋತಳು. 1930ರಲ್ಲಿ ಇನ್ನೊಮ್ಮೆ. ಅದೇ ವರ್ಷ ಜೂನ್ 13ರಂದು ವಿಂಡರ್‌ಮಿಯರ್ ಸರೋವರದಲ್ಲಿ ಹೆನ್ರಿ ಸೀಗ್ರೇವ್ ಗಂಟೆಗೆ 98.76 ಮೈಲಿಯ ವಿಶ್ವದಾಖಲೆ ಮಾಡಿ, ಅದೇ ದಿನ ದೋಣಿ ಮಗುಚಿ ಸತ್ತಿದ್ದ. ಅದನ್ನು ತಿಳಿದೂ ಜೋ ಡೆಟ್ರಾಯಿಟ್‌ಗೆ ಹೊರಟಳು. ಮೂರನೆಯ ಸಲವೂ ಸೋಲು. ಆಮೇಲೆ ಪಂದ್ಯದ ಸಹವಾಸ ಬಿಟ್ಟಳು.

ಸೋತವರು ಗೆಲ್ಲುವವರನ್ನು ಕಂಡು ಕರುಬುವುದು ಲೋಕರೂಢಿ. ಈಕೆ ಮಾಡಿದ್ದು ಬೇರೆ. ಮಾಲ್ಕಮ್ ಕ್ಯಾಂಪ್‌ಬೆಲ್ — ಬೊಂಬೆ ಕರಡಿಯ ಡೊನಾಲ್ಡನ ತಂದೆ — ‘ಬ್ಲೂ ಬರ್ಡ್’ ಕಾರಿಗೆ ಹಣ ಸಾಲದೆ ಕೂತಾಗ ಹತ್ತು ಸಾವಿರ ಡಾಲರ್ ಕೊಟ್ಟಳು. ಜಾನ್ ಕಾಬ್‌ನ ದಾಖಲೆಯ ಕಾರಿಗೂ ನೆರವಾದಳು.

1934ರಲ್ಲಿ 40,000 ಡಾಲರಿಗೆ ಬಹಾಮಾಸ್‌ನ ವೇಲ್ ಕೇ ದ್ವೀಪವನ್ನೇ ಕೊಂಡು ಅಲ್ಲಿ ನೆಲೆಸಿದಳು. ಶಾಲೆ, ಚರ್ಚು, ದೀಪಸ್ತಂಭ ಕಟ್ಟಿಸಿದಳು. ತಾನೇ ರಾಣಿಯಂತೆ, ಅಲ್ಲ ರಾಜನಂತೆ, ಕಾನೂನು ಮಾಡಿ ಆಳಿದಳು. ಆ ದರ್ಬಾರು ಎಲ್ಲರಿಗೂ ಹಿತವಾಗಿತ್ತು ಎನ್ನಲಾಗದು. ಆದರೆ 1942ರಲ್ಲಿ ಜರ್ಮನ್ ಸಬ್‌ಮರೀನಿಗೆ ಸಿಕ್ಕಿ ಮುಳುಗಿದ ‘ಪಾಟ್‌ಲ್ಯಾಚ್’ ಎಂಬ ಅಮೆರಿಕನ್ ಸರಕು ಹಡಗಿನ ಜನ ಒಂದು ತಿಂಗಳು ಕಡಲಲ್ಲಿ ಅಲೆದಾಡಿದ ಮೇಲೆ, ಅವರನ್ನು ದಡ ಸೇರಿಸಿದ್ದು ಆಕೆಯದೇ ಹಡಗು. ಕಪ್ಪಿನ ಮೇಲೆ ಕೆತ್ತಲಾಗದ ಗೆಲುವು ಅದು.

ಇನ್ನು ಬೊಂಬೆಯ ವಿಷಯ. 1925ರಲ್ಲಿ ಗೆಳತಿ ರೂತ್ ಬಾಲ್ಡ್‌ವಿನ್ ಕೊಟ್ಟ ಗಂಡು ಬೊಂಬೆ ಅದು. ಜೋ ಅದಕ್ಕೆ ಲಾರ್ಡ್ ಟಾಡ್ ವಾಡ್ಲಿ ಎಂದು ಹೆಸರಿಟ್ಟಳು. ಲಂಡನ್ನಿನ ದೊಡ್ಡ ದೊಡ್ಡವರಿಗೆ ಸೂಟು ಹೊಲಿಯುವ ಸ್ಯಾವಿಲ್ ರೋ ದರ್ಜಿಗಳಿಂದ ಬಟ್ಟೆ ಹೊಲಿಸಿದಳು. ಮನೆಯ ಬಾಗಿಲಿನ ಫಲಕದಲ್ಲಿ ತನ್ನ ಹೆಸರಿನ ಜೊತೆ ಅದರ ಹೆಸರನ್ನೂ ಹಾಕಿಸಿದಳು. ಜನ ನಕ್ಕಿರಬೇಕು. ರೂತ್ 1937ರಲ್ಲಿ ತೀರಿಕೊಂಡಳು. ಬೊಂಬೆ ಉಳಿಯಿತು. ಅದನ್ನು ದೋಣಿಗೆ ಹತ್ತಿಸದೆ ದಡದಲ್ಲೇ ಬಿಟ್ಟದ್ದರ ಅರ್ಥ ಆಗ ಹೊಳೆಯುತ್ತದೆ. ಪಣಕ್ಕೆ ಒಡ್ಡಲೇಬಾರದ ವಸ್ತು ಎಂಥ ಧೈರ್ಯಸ್ಥರ ಮನೆಯಲ್ಲೂ ಒಂದಿರುತ್ತದೆ.

1993ರ ಡಿಸೆಂಬರ್‌ನಲ್ಲಿ ಫ್ಲೋರಿಡಾದಲ್ಲಿ ಜೋ ಕಣ್ಣುಮುಚ್ಚಿದಾಗ ಆಕೆಗೆ 93. ಲೋಕ ಆಕೆಯನ್ನು ಮರೆತು ಎಷ್ಟೋ ಕಾಲವಾಗಿತ್ತು. ಪತ್ರಿಕೆಗೆ ನಿಧನವಾರ್ತೆ ಬರೆಯಲು ಕುಳಿತ ಕೇಟ್ ಸಮರ್‌ಸ್ಕೇಲ್ ಬೆರಗಾಗಿ ಹುಡುಕುತ್ತಾ ಹೋಗಿ, 1997ರಲ್ಲಿ ಆಕೆಯ ಜೀವನಚರಿತ್ರೆಯನ್ನೇ ಹೊರತಂದಳು. ಹಾರ್ಮ್ಸ್‌ವರ್ತ್ ಟ್ರೋಫಿಯ ಮೇಲೆ ಜೋಳ ಹೆಸರು ಇಲ್ಲ. ಮೊದಲ ಸಲ ಅದನ್ನು ಗೆದ್ದುಕೊಟ್ಟ ಡೊರೊಥಿಯದೂ ಇಲ್ಲ.

ಜೋಳನ್ನು ದಹನ ಮಾಡಿದಾಗ ಟಾಡ್ ವಾಡ್ಲಿಯನ್ನೂ ಜೊತೆಗಿಟ್ಟರು. ಅರವತ್ತೆಂಟು ವರ್ಷ ದಡದಲ್ಲಿ ಕಾದಿದ್ದ ಬೊಂಬೆ ಅಂದು ಮೊದಲ ಸಲ ಆಕೆಯ ಪಕ್ಕದಲ್ಲಿ ಹೊರಟಿತು.