ಒಂದು ದಿನದ ಅಂತರ, 175 ಪೌಂಡ್

ಬ್ರಿಟನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಣ್ಣ, ಟಯರು, ಓಡಿದ ಮೈಲು ಎಲ್ಲ ನೋಡುತ್ತಾರೆ. ತೆರಿಗೆ ಎಷ್ಟೆಂಬುದು ಮಾತ್ರ ಲಾಗ್‌ಬುಕ್ಕಿನಲ್ಲಿರುವ ಮೊದಲ ನೋಂದಣಿಯ ದಿನಾಂಕದ ಮೇಲೆ ನಿಂತಿದೆ.

2001ರ ಮಾರ್ಚ್‌ಗಿಂತ ಹಳೆಯದಾದರೆ ಎಂಜಿನ್ ಗಾತ್ರ ನೋಡುತ್ತಾರೆ. 1549 ಸಿಸಿ ಗಡಿ. ಆಮೇಲಿನದಕ್ಕೆ ಹೊಗೆಯ ಲೆಕ್ಕ, ಕಿಲೋಮೀಟರಿಗೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಅಂತ. 2017ರ ಏಪ್ರಿಲ್ 1ರಿಂದ ನೋಂದಣಿಯಾದವಕ್ಕೆ, ಮೊದಲ ವರ್ಷ ಕಳೆದ ಮೇಲೆ, ಹೆಚ್ಚುಕಡಿಮೆ ಒಂದೇ ದರ.

ಒಂದೇ ಮಾದರಿಯ, 99 ಗ್ರಾಂ ಹೊಗೆಯ ಎರಡು ಪೆಟ್ರೋಲ್ ಕಾರು ಇವೆ ಅನ್ನಿ. 2017ರ ಮಾರ್ಚ್ 31ರಂದು ನೋಂದಣಿಯಾದದ್ದಕ್ಕೆ 2025-26ರಲ್ಲಿ 20 ಪೌಂಡ್, ಮರುದಿನದ್ದಕ್ಕೆ 195. ಕಾರಿಗೇನು ಗೊತ್ತು, ಪಾಪ!

ಮಾರಿದವರು ಕಟ್ಟಿದ ತೆರಿಗೆ 2014ರ ಅಕ್ಟೋಬರಿನಿಂದ ಕೊಂಡವರಿಗೆ ದಾಟುವುದಿಲ್ಲ. 40 ವರ್ಷ ದಾಟಿದ ಕಾರಿಗೆ ತೆರಿಗೆಯೇ ಇಲ್ಲದ ವರ್ಗವುಂಟು; ಆದರೂ ಮಾಲೀಕರು ವರ್ಷವರ್ಷ ಸೊನ್ನೆ ಪೌಂಡಿನ ತೆರಿಗೆಗೆ ಅರ್ಜಿ ಹಾಕಲೇಬೇಕು.