ಅಂಗಳದ ವಿದ್ಯುತ್ತು, ಹೆದ್ದಾರಿಯ ವಿದ್ಯುತ್ತು

ಒಂದೇ ಬೆಂಚಿನ ಮೇಲೆ ಕುಳಿತು ಓದಿದ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಈಚೆಗೆ ಒಂದೇ ಪ್ರಶ್ನೆಯನ್ನು ಕೇಳಿದರು. ಒಬ್ಬನಿಗೆ ಸಿಂಧನೂರಿನಲ್ಲಿ ಸ್ವಂತ ಮನೆ, ನೌಕರಿ ಲಿಂಗಸುಗೂರಿನಲ್ಲಿ. ಇನ್ನೊಬ್ಬ ಮಸ್ಕಿಯಲ್ಲಿ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿದ್ದು ಸಿಂಧನೂರಿಗೆ ಹೋಗಿ ಬರುತ್ತಾನೆ. ಇಬ್ಬರೂ ವಿದ್ಯುತ್ ಕಾರು ಕೊಳ್ಳುವ ಯೋಚನೆಯಲ್ಲಿದ್ದಾರೆ. “ಸರ್, ಮನ್ಯಾಗ ಚಾರ್ಜ್ ಮಾಡಿದ್ರ ಎಷ್ಟು ಬೀಳ್ತದ, ಹೊರಗ ಮಾಡಿದ್ರ ಎಷ್ಟು ಬೀಳ್ತದ, ಲೆಕ್ಕ ಹಾಕಿ ಹೇಳ್ರಿ” ಎಂಬುದು ಅವರ ಬೇಡಿಕೆ. ಲೆಕ್ಕ ಹಾಕುವುದು ನನಗೆ ಇಂದಿಗೂ ಪ್ರಿಯವಾದ ಕೆಲಸ. ಹಾಕುತ್ತ ಹೋದಂತೆ, ಉತ್ತರವು ಒಂದೇ ಸಂಖ್ಯೆಯಲ್ಲಿ ಮುಗಿಯುವುದಿಲ್ಲವೆಂದು ತಿಳಿಯಿತು.

ಮೊದಲು ಸುಲಭದ ಭಾಗ. ಸುಮಾರು 30 ಯೂನಿಟ್ ಬ್ಯಾಟರಿಯ ಸಾಧಾರಣ ಕಾರು ನಮ್ಮ ರಸ್ತೆಗಳಲ್ಲಿ 100 ಕಿಲೋಮೀಟರಿಗೆ 15 ಯೂನಿಟ್ ಬಳಸುತ್ತದೆ ಎನ್ನೋಣ. ಮನೆಯ ಗೋಡೆಯಿಂದ ಬ್ಯಾಟರಿಗೆ ಸೇರುವಾಗ ಒಂದಿಷ್ಟು ವಿದ್ಯುತ್ತು ಶಾಖವಾಗಿ ನಷ್ಟವಾಗುವುದರಿಂದ ಮೀಟರು 17 ಯೂನಿಟ್ ತೋರಿಸುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಗೃಹಬಳಕೆಯ ದರ ಯೂನಿಟ್ಟಿಗೆ ₹5.80. ಅದಕ್ಕೆ ಪಿಂಚಣಿ ಮತ್ತು ಗ್ರಾಚ್ಯುಟಿಯ 36 ಪೈಸೆಯನ್ನೂ ಶೇ. 9ರ ವಿದ್ಯುತ್ ತೆರಿಗೆಯನ್ನೂ ಸೇರಿಸಿದರೆ ಸುಮಾರು ₹6.70 ಆಗುತ್ತದೆ. ಅಂದರೆ ಮನೆಯಲ್ಲಿ 100 ಕಿ.ಮೀ.ಗೆ ₹114.

ಹೆದ್ದಾರಿಯ ಬದಿಯ ಖಾಸಗಿ ವೇಗದ ಚಾರ್ಜರುಗಳ ದರವನ್ನು ಆಯಾ ಕಂಪನಿಯೇ ನಿಗದಿಪಡಿಸುತ್ತದೆ. ಲೆಕ್ಕಕ್ಕಾಗಿ ಯೂನಿಟ್ಟಿಗೆ ₹20 ಎಂದಿಟ್ಟುಕೊಂಡು ಶೇ. 18ರ ಜಿಎಸ್‌ಟಿ ಸೇರಿಸಿದರೆ ₹23.60. 15 ಯೂನಿಟ್ಟಿಗೆ ₹354. ಲೀಟರಿಗೆ 17 ಕಿ.ಮೀ. ಓಡುವ ಪೆಟ್ರೋಲ್ ಕಾರಿಗೆ ಇದೇ ದೂರಕ್ಕೆ ₹600 ಬೇಕಾಗುವುದರಿಂದ ಹೊರಗಿನ ಚಾರ್ಜೂ ಪೆಟ್ರೋಲಿಗಿಂತ ಅಗ್ಗವೇ. ಆದರೆ ಮನೆಯದಕ್ಕಿಂತ ಮೂರು ಪಟ್ಟು ದುಬಾರಿ.

ಇಲ್ಲೊಂದು ವಿಚಿತ್ರವಿದೆ. ಚಾರ್ಜಿಂಗ್ ಕೇಂದ್ರಗಳಿಗೆ ವಿದ್ಯುತ್ ನಿಯಂತ್ರಣ ಆಯೋಗವು ಪ್ರತ್ಯೇಕ ದರವನ್ನೇ ಕೊಟ್ಟಿದೆ. 2024ರ ಆದೇಶದಲ್ಲಿ ಅದು ಯೂನಿಟ್ಟಿಗೆ ₹4.50, ಅಂದರೆ ಮನೆಯ ದರಕ್ಕಿಂತ ಕಡಿಮೆ. ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಲಕ್ಷಗಟ್ಟಲೆ ಬೆಲೆಯ ಯಂತ್ರ, ಟ್ರಾನ್ಸ್‌ಫಾರ್ಮರು, ಜಾಗದ ಬಾಡಿಗೆ, ದುರಸ್ತಿ ಇವೆಲ್ಲಕ್ಕೂ ಹೋಗುತ್ತದೆ. ಬೆಂಗಳೂರಿನಲ್ಲಿ ಆ ಖರ್ಚು ದಿನಕ್ಕೆ ಹತ್ತಾರು ಕಾರುಗಳ ನಡುವೆ ಹಂಚಿಹೋಗುತ್ತದೆ. ಭತ್ತದ ಲಾರಿ, ಟ್ರ್ಯಾಕ್ಟರುಗಳೇ ಹೆಚ್ಚಾಗಿ ಓಡಾಡುವ ನಮ್ಮ 150ಎ ಹೆದ್ದಾರಿಯಲ್ಲಿ ಹಂಚಿಕೊಳ್ಳುವವರು ಕಡಿಮೆ. ಬಾವಿ ತೋಡಿದ ಖರ್ಚನ್ನು ನಾಲ್ಕೇ ಕೊಡಗಳ ಮೇಲೆ ಹೊರಿಸಿದಂತೆ.

ಈಗ ಮನೆಯ ಲೆಕ್ಕವನ್ನು ಇನ್ನೊಮ್ಮೆ ನೋಡೋಣ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ನಮ್ಮ ಬಹುಪಾಲು ಮನೆಗಳ ಬಿಲ್ಲು ಸೊನ್ನೆಯಾಗಿದೆ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಗದಿ ಮಾಡಿದ ಮಿತಿಯವರೆಗೆ ಉಚಿತ. ಆ ಮಿತಿ ದಾಟಿ 200 ಯೂನಿಟ್ಟಿನೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿತೋ, ಇಡೀ ಬಿಲ್ಲನ್ನು ಕಟ್ಟಬೇಕು.

ಸಿಂಧನೂರಿನ ವಿದ್ಯಾರ್ಥಿ ಹೋಗಿ ಬರಲು ದಿನಕ್ಕೆ ಸುಮಾರು 110 ಕಿ.ಮೀ. ಓಡಿಸಬೇಕು, ತಿಂಗಳಿಗೆ 2,400 ಕಿ.ಮೀ. ಕಾರಿಗೇ 400 ಯೂನಿಟ್, ಮನೆಗೆ 100. ಒಟ್ಟು 500 ಯೂನಿಟ್ಟಿಗೆ ₹3,350. ಕಾರಿಗಾಗಿ ಮನೆಯ ಮಂಜೂರಾದ ಲೋಡನ್ನು 5 ಕಿಲೋವ್ಯಾಟಿಗೆ ಏರಿಸಿದರೆ, ಕಿಲೋವ್ಯಾಟಿಗೆ ₹145ರಂತೆ ನಿಗದಿತ ಶುಲ್ಕ ₹725. ಒಟ್ಟು ₹4,075. ನಿನ್ನೆಯವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು ಇದು. ಆದ್ದರಿಂದ ಇಷ್ಟನ್ನೂ ಕಾರಿನ ಖಾತೆಗೇ ಬರೆಯಬೇಕು. ಕಿಲೋಮೀಟರಿಗೆ ₹1.14 ಎಂದುಕೊಂಡದ್ದು ₹1.70 ಆಯಿತು. ಆದರೂ ಹೊರಗಿನ ₹3.54ರ ಅರ್ಧದಷ್ಟೇ ಎನ್ನುವುದು ಸಮಾಧಾನ.

ಕಡಿಮೆ ಓಡಿಸುವವರ ಲೆಕ್ಕ ಇನ್ನೂ ಸ್ವಾರಸ್ಯಕರ. ಮನೆಗೆ 130 ಯೂನಿಟ್, ಉಚಿತ ಮಿತಿ 140, ತಿಂಗಳಿಗೆ 500 ಕಿ.ಮೀ. ಓಡುವ ಕಾರಿಗೆ 85 ಎಂದಿಟ್ಟುಕೊಳ್ಳಿ. ಒಟ್ಟು 215 ಆಗಿ 200ರ ಗೆರೆ ದಾಟಿತು. ನಿಗದಿತ ಶುಲ್ಕವನ್ನು ಬದಿಗಿಟ್ಟರೂ ₹1,440 ಕಟ್ಟಬೇಕು. ಅದರಲ್ಲಿ 20 ಯೂನಿಟ್ಟನ್ನು ಹೊರಗೆ ತುಂಬಿಸಿದರೆ ಅಲ್ಲಿ ₹472, ಮನೆಯಲ್ಲಿ 55 ಹೆಚ್ಚುವರಿ ಯೂನಿಟ್ಟಿಗೆ ₹369, ಒಟ್ಟು ₹841. ದುಬಾರಿ ಚಾರ್ಜರೇ ಇಲ್ಲಿ ₹600 ಉಳಿಸಿತು! ತಿಂಗಳ ಕೊನೆಯ ವಾರದಲ್ಲಿ ಮೀಟರು ನೋಡಿಕೊಳ್ಳುವುದು ಜಾಣತನ.

ಹಣವಲ್ಲದ ಖರ್ಚೂ ಇದೆ. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ 30 ಯೂನಿಟ್ ಬ್ಯಾಟರಿ ತುಂಬಲು ಒಂದು ಇಡೀ ರಾತ್ರಿ ಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ನಡುರಾತ್ರಿ ಕರೆಂಟು ಹೋದರೆ ಬೆಳಿಗ್ಗೆ ಅರ್ಧ ತುಂಬಿದ ಬ್ಯಾಟರಿಯೊಡನೆ ಹೊರಡಬೇಕು. ಹಳೆಯ ವೈರಿಂಗಿಗೆ ಇಷ್ಟು ಹೊತ್ತಿನ ಭಾರ ಕ್ಷೇಮವಲ್ಲ. ಬಲ್ಲ ಎಲೆಕ್ಟ್ರಿಷಿಯನ್ನರಿಂದ ಪ್ರತ್ಯೇಕ ವೈರು, ಸರಿಯಾದ ಅರ್ಥಿಂಗ್ ಹಾಕಿಸದೆ ಯಾರೂ ಮುಂದುವರಿಯಬಾರದು.

ಇನ್ನು ಮಸ್ಕಿಯ ವಿದ್ಯಾರ್ಥಿ. ಅವನಿಗೆ ಅಂಗಳವಿಲ್ಲ. ಕಾರು ಬೀದಿಯಲ್ಲಿ ನಿಲ್ಲಬೇಕು. ಮೇಲಂತಸ್ತಿನಿಂದ ವೈರು ಇಳಿಬಿಡುವುದು ಅಪಾಯ, ಮನೆಯ ಮಾಲೀಕರು ಒಪ್ಪುವುದೂ ಇಲ್ಲ. ಆದ್ದರಿಂದ ಅವನಿಗೆ ಲಭ್ಯವಿರುವುದು ₹354ರ ದರವೊಂದೇ. ಅದೇ ಕಾರು, ಅದೇ ರಸ್ತೆ, ಅದೇ ವಿದ್ಯುತ್ತು. ಸ್ವಂತ ಮನೆಯಿದ್ದವನಿಗೆ ಅಗ್ಗ, ಇಲ್ಲದವನಿಗೆ ತುಟ್ಟಿ. ಪೆಟ್ರೋಲ್ ಬಂಕಿನಲ್ಲಿ ಈ ಭೇದವಿರಲಿಲ್ಲ. ಅಲ್ಲಿ ಸಾಹುಕಾರನಿಗೂ ಗುಮಾಸ್ತನಿಗೂ ಲೀಟರಿನ ಬೆಲೆ ಒಂದೇ.

1985ರಿಂದ ಶಕ್ತಿನಗರದ ಸ್ಥಾವರವು ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ ನಮ್ಮದು. ಇಲ್ಲಿನ ಬಾಡಿಗೆದಾರನಿಗೂ ಅಗ್ಗದ ಚಾರ್ಜು ಸಿಗುವಂತಾಗಬೇಡವೇ? ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ಶಾಲಾ ಕಾಲೇಜುಗಳ ಆವರಣದಲ್ಲಿ ಕಾರುಗಳು ಹಗಲಿಡೀ ಸುಮ್ಮನೆ ನಿಂತಿರುತ್ತವೆ. ಅಲ್ಲಿ ವೇಗದ ಯಂತ್ರ ಬೇಕಿಲ್ಲ. ಮೀಟರಿರುವ ನಿಧಾನದ ಪ್ಲಗ್ಗುಗಳಿದ್ದರೆ ಸಾಕು. ಅವುಗಳ ಬೆಲೆಯೂ ಅಲ್ಪ. ಹೀಗಾದರೆ ಎರಡು ದರಗಳ ಅಂತರ ಬಹಳಷ್ಟು ಇಳಿದೀತು.

ಅಲ್ಲಿಯವರೆಗೆ ನನ್ನ ಸಲಹೆ ಇಷ್ಟೇ. ಕಾರಿನ ಅಂಗಡಿಯವರು ಹೇಳುವ ಕಿಲೋಮೀಟರಿನ ದರವನ್ನು ನಂಬುವ ಮೊದಲು ನಿಮ್ಮ ಮನೆಯ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ. ಅಂಗಳವಿಲ್ಲದವರು, ಕಾರು ದಿನವೂ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನಿರ್ಧರಿಸಿ, ಬ್ಯಾಟರಿಯ ಗಾತ್ರವನ್ನು ಆಮೇಲೆ ನೋಡಿ. ಈಗಾಗಲೇ ಇಂಥ ಕಾರು ಓಡಿಸುತ್ತಿರುವ ವಿದ್ಯಾರ್ಥಿಗಳೂ ಬಂಧುಗಳೂ ತಮ್ಮ ತಿಂಗಳ ಲೆಕ್ಕವನ್ನು ಬರೆದು ತಿಳಿಸಿದರೆ, ಉಳಿದವರಿಗೆ ಉಪಕಾರವಾದೀತು.