ಮಾಡಗ್ಯಾಳದಲ್ಲಿ ಮನದ ಮದ್ದು

ಜತ್ತ ತಾಲೂಕಿನ ಮಳೆಗೊರತೆಯ ಬಯಲಿನಲ್ಲಿ ಮಾಡಗ್ಯಾಳವಿದೆ. ಬಾಗುಮೂಗಿನ ಎತ್ತರದ ಕುರಿತಳಿಯಿಂದ ಈ ಊರಿನ ಹೆಸರು ದೂರದೂರಕ್ಕೂ ಹಬ್ಬಿದೆ. ಕುರಿ ಮೇವು ಬಿಟ್ಟರೆ ಕುರುಬನು ಅಂದೇ ಮದ್ದು ಹುಡುಕುತ್ತಾನೆ; ಮನುಷ್ಯನು ಊಟ, ನಿದ್ರೆ, ಮಾತು ಬಿಟ್ಟರೆ ಇಂಥ ಊರುಗಳಲ್ಲಿ ‘ಗಾಳಿ ಬಡಿದಿದೆ’ ಎನ್ನುವವರು ಇನ್ನೂ ಇದ್ದಾರೆ.

ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ಕೋಟ್ನಿಸರು 1938ರಲ್ಲಿ ಚೀನಕ್ಕೆ ತೆರಳಿ ಗಾಯಾಳುಗಳ ಸೇವೆ ಮಾಡಿದರು. ಆ ಚೀನದ ಸಾಂಪ್ರದಾಯಿಕ ವೈದ್ಯವು ಖಿನ್ನತೆಯನ್ನು ದೇಹದ ಪ್ರಾಣಶಕ್ತಿಯ ಹರಿವು ಕಟ್ಟಿಕೊಂಡ ರೋಗವೆಂದು ಬಗೆದು, ಗಿಡಮೂಲಿಕೆ ಹಾಗೂ ಸೂಜಿಗಳಿಂದ ಉಪಚರಿಸುತ್ತದೆ. ನಮ್ಮ ಚರಕಸಂಹಿತೆಯೂ ವಿಷಾದವನ್ನು ವಾತವಿಕಾರಗಳಲ್ಲಿ ಎಣಿಸಿದೆ. ಎರಡರ ತಾತ್ಪರ್ಯವೂ ಒಂದೇ: ಇದು ಬೇನೆ, ನಾಚಿಕೆಗೇಡಲ್ಲ.

ಆದರೆ ಕಷಾಯವು ಮನೋವೈದ್ಯರ ಗುಳಿಗೆಗೆ ಬದಲಿಯಲ್ಲ. ಅವರನ್ನು ಕೇಳದೆ ಗುಳಿಗೆ ಬಿಟ್ಟರೆ ಬೇನೆ ಮರುಕಳಿಸಬಹುದು. ಕೆಲವು ಮೂಲಿಕೆಗಳು ಗುಳಿಗೆಯೊಡನೆ ಸೇರಿ ಕೆಡುಕನ್ನೂ ಮಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಸರಕಾರಿ ಚಿಕಿತ್ಸೆಯನ್ನು ಎಲ್ಲರ ಹಕ್ಕಾಗಿಸಿದೆ, ರೋಗಿಗೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. ಮನೋರೋಗದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಯುರ್ವೇದ ವೈದ್ಯರನ್ನೂ ಮನ್ನಿಸಿದೆ.

ಆಸ್ಪತ್ರೆ ದೂರವಾದರೂ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಹತ್ತಿರದಲ್ಲೇ ಇದೆ. ಕರೆಗೆ ಹಣವಿಲ್ಲ, ಕನ್ನಡವೂ ಅಲ್ಲಿನ ಭಾಷೆಗಳಲ್ಲೊಂದು. ಮಕ್ಕಳ ದೀರ್ಘ ಮೌನವನ್ನು ಪಾಲಕರು ಹಟವೆಂದು ಬಗೆಯದಿರಲಿ.